ಗೃಹಿಣಿ ಎಂದು ಬರೆದವರ ಅಡುಗೆಮನೆ: ನೂರು ರೂಪಾಯಿಯ ನೋಂದಣಿ
(2024ರ ಆಗಸ್ಟ್ ತಿಂಗಳ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿವೇತನ ಸಮಿತಿಯ ಪರವಾಗಿ ಮಾಡಿದ ಭಾಷಣ)

 

ಪ್ರತಿ ವರ್ಷ ನಾವು ಇಲ್ಲಿ ನಿಂತು ಎಷ್ಟು ಅರ್ಜಿ ಬಂತು, ಎಷ್ಟು ಮಂಜೂರಾಯಿತು ಎಂದು ಓದಿ ಕುಳಿತುಕೊಳ್ಳುತ್ತಿದ್ದೆವು. ಆ ಲೆಕ್ಕ ಈ ವರದಿಯಲ್ಲಿ ಅಚ್ಚಾಗಿದೆ, ದಯವಿಟ್ಟು ಅಲ್ಲೇ ನೋಡಿಕೊಳ್ಳಿ. ಈ ಸಲ ಅರ್ಜಿಯ ಒಂದೇ ಒಂದು ಕಲಮಿನ ಬಗ್ಗೆ ಮಾತಾಡುತ್ತೇವೆ. ಒಂಬತ್ತನೇ ಕಲಮು, ‘ತಾಯಿಯ ಉದ್ಯೋಗ’. ಅದರ ಮುಂದೆ ಹೆಚ್ಚುಕಡಿಮೆ ಎಲ್ಲರೂ ಬರೆಯುವುದು ಒಂದೇ ಪದ: ಗೃಹಿಣಿ.

ಅರ್ಜಿ ಹಾಕಿದವರ ಮನೆಗೆ ಹೋಗಿ ನೋಡಿ ಬರುವ ಕೆಲಸ ನಮ್ಮದು. ನಾವಿಬ್ಬರೂ ನಿವೃತ್ತ ಶಿಕ್ಷಕಿಯರಾದ್ದರಿಂದ ಅಡುಗೆಮನೆಯವರೆಗೂ ಕರೆದುಕೊಂಡು ಹೋಗುತ್ತಾರೆ, ಚಹಾ ಕೊಡದೆ ಕಳಿಸುವುದಿಲ್ಲ. ಕಳೆದ ಮಾರ್ಚ್‌ನಲ್ಲಿ, ರಂಜಾನ್ ಶುರುವಾದ ವಾರ, ಒಂದು ಮನೆಗೆ ಹೋಗಿದ್ದೆವು. ರೋಜಾ ಇದ್ದುದರಿಂದ ಚಹಾದ ಮಾತಿರಲಿಲ್ಲ, ಚಾಪೆ ಹಾಸಿದರು. ಯಜಮಾನರು ಲಾರಿ ಓಡಿಸುತ್ತಿದ್ದವರು, ಬೆನ್ನಿಗೆ ಪೆಟ್ಟಾಗಿ ಎರಡು ವರ್ಷದಿಂದ ಮನೆಯಲ್ಲಿದ್ದಾರೆ. ಮಗಳು ಪದವಿಯ ಮೊದಲ ವರ್ಷ. ಕಾಲೇಜು ಶುಲ್ಕದ ಎರಡನೇ ಕಂತು ಬಾಕಿ. ಅರ್ಜಿಯಲ್ಲಿ ಆದಾಯದ ಮುಂದೆ ಯಜಮಾನರ ತಮ್ಮ ಕಳಿಸುವ ಹಣ ಮಾತ್ರ ಬರೆದಿತ್ತು.

ಮಾತಾಡುತ್ತಿರುವಾಗ ಚಿಕ್ಕ ಮಗ ಮಂಚದ ಕೆಳಗಿನಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದ. ತುಂಬ ಶ್ಯಾವಿಗೆ ಪ್ಯಾಕೆಟ್. ಅದರ ಹಿಂದೆ ಇನ್ನೂ ಎರಡು ಪೆಟ್ಟಿಗೆ. ತಾಯಿಯ ಮುಖ ಬಿಳಿಚಿಕೊಂಡಿತು.

“ಮಿಸ್, ಅದು ನಮ್ದಲ್ಲ.”

“ಯಾರದ್ದಮ್ಮಾ ಮತ್ತೆ?”

ಆಕೆ ನಮ್ಮ ಶಾಲೆಯಲ್ಲೇ ಏಳನೇ ತರಗತಿಯವರೆಗೆ ಓದಿದವರು. ಸುಳ್ಳು ಹೇಳಲು ಆಗಲೂ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಎಲ್ಲ ಹೇಳಿದರು. ನಾಲ್ಕು ವರ್ಷದಿಂದ ಶ್ಯಾವಿಗೆ, ಬಿರಿಯಾನಿ ಮಸಾಲೆ ಮಾಡಿ ಅಂಗಡಿಗೆ ಕೊಡುತ್ತಿದ್ದಾರೆ. ಈದ್‌ಗೆ ಶೀರ್ ಖುರ್ಮಾ ಮಾಡದ ಮನೆ ಇಲ್ಲವಲ್ಲ, ವರ್ಷದ ದೊಡ್ಡ ವ್ಯಾಪಾರ ರಂಜಾನ್‌ನದೇ. ಈ ಸಲ ಒಂದು ಕಿರಾಣಿ ಅಂಗಡಿಯವರು ಎಂಬತ್ತು ಪ್ಯಾಕೆಟ್ ಹೇಳಿದ್ದರು. ಒಂದಕ್ಕೆ ₹70, ಒಟ್ಟು ₹5,600. ಕೊಟ್ಟ ಮೂರನೇ ದಿನಕ್ಕೆ ಅಷ್ಟೂ ವಾಪಸು ಬಂತು. “ಖಾಲಾ, ನಂಬರ್ ಇಲ್ಲದ ಪ್ಯಾಕೆಟ್ ಇಟ್ಟುಕೊಂಡ್ರೆ ನಮಗೆ ತೊಂದರೆ ಆಗ್ತದೆ” ಅಂದರಂತೆ ಅಂಗಡಿಯ ಹುಡುಗ. ಆ ₹5,600ರಲ್ಲಿ ಹಿಟ್ಟು, ಗ್ಯಾಸ್, ಕವರ್, ಆಟೋ ಕಳೆದು ಕೈಗೆ ಉಳಿಯಬೇಕಿದ್ದದ್ದು ₹1,800. ಅದನ್ನು ಶುಲ್ಕಕ್ಕೆಂದು ಎಣಿಸಿಟ್ಟಿದ್ದರು.

“ನಮಗೆ ಹೇಳಬೇಕಿತ್ತಲ್ಲಮ್ಮಾ” ಎಂದೆವು.

“ದುಡೀತೀನಿ ಅಂತ ಗೊತ್ತಾದ್ರೆ ನೀವು ಸ್ಕಾಲರ್‌ಶಿಪ್ ಕೊಡಲ್ಲ ಅಂದ್ಕೊಂಡೆ ಮಿಸ್.”

ದಾನಿಗಳು ಕೇಳಿಸಿಕೊಳ್ಳಬೇಕಾದ ಮಾತು ಇದು. ಅವರನ್ನು ಹಾಗೆ ಅಂದುಕೊಳ್ಳುವಂತೆ ಮಾಡಿದ್ದು ನಮ್ಮ ಅರ್ಜಿ ನಮೂನೆ. ತಾಯಿಯ ಉದ್ಯೋಗ ಕೇಳಿದೆವು, ಆದಾಯ ಕೇಳಿದೆವು, ಯಾಕೆ ಕೇಳುತ್ತಿದ್ದೇವೆ ಎಂದು ಎಲ್ಲೂ ಬರೆಯಲಿಲ್ಲ. ದುಡಿಮೆ ಮುಚ್ಚಿಟ್ಟವರು ನೋಂದಣಿ ಮಾಡಿಸಲು ಹೋಗುವುದಿಲ್ಲ. ನೋಂದಣಿ ಇಲ್ಲದಿದ್ದರೆ ಸರಕು ಮಂಚದ ಕೆಳಗೆ ಸೇರುತ್ತದೆ. ಆಮೇಲೆ ಅದೇ ಬೀದಿಯಲ್ಲಿ ಕೇಳುತ್ತ ಹೋದಾಗ ಹಪ್ಪಳ, ಸಂಡಿಗೆ, ಶುಂಠಿ ಬೆಳ್ಳುಳ್ಳಿ ಪೇಸ್ಟ್, ಅಪ್ಪೆಮಿಡಿ ಉಪ್ಪಿನಕಾಯಿ, ಒಣಸಿಗಡಿ ಚಟ್ನಿಪುಡಿ ಎಲ್ಲ ಒಂದೊಂದಾಗಿ ಹೊರಗೆ ಬಂದವು. ಎಲ್ಲ ಗೃಹಿಣಿಯರ ಮನೆಗಳೇ.

ಹಾಗಾಗಿ ಈ ಕಾನೂನು ಏನು ಕೇಳುತ್ತದೆ ಎಂದು ನಾವು ಕುಳಿತು ಓದಿದೆವು. ಬಿ.ಎಡ್. ಓದಿದ ಮೇಲೆ ಇಷ್ಟು ಶ್ರದ್ಧೆಯಿಂದ ಏನನ್ನೂ ಓದಿರಲಿಲ್ಲ.

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂದದ್ದು 2006ರಲ್ಲಿ. ಪರವಾನಗಿ ಮತ್ತು ನೋಂದಣಿಯ ನಿಯಮಗಳು 2011ರ ಆಗಸ್ಟ್‌ನಿಂದ ಜಾರಿಯಲ್ಲಿವೆ. ಜನರ ಬಾಯಲ್ಲಿ ಎಲ್ಲವೂ ‘ಫುಡ್ ಲೈಸೆನ್ಸ್’. ಗೊಂದಲ ಶುರುವಾಗುವುದೇ ಅಲ್ಲಿ. ಕಾಯ್ದೆಯ 31ನೇ ಕಲಂ ಎರಡು ಬಾಗಿಲು ಇಟ್ಟಿದೆ. ದೊಡ್ಡವರಿಗೆ ಪರವಾನಗಿ, ಅಂದರೆ ಲೈಸೆನ್ಸ್. ತಾವೇ ತಯಾರಿಸಿ ಮಾರುವ ಸಣ್ಣವರಿಗೆ, ತಳ್ಳುಗಾಡಿಯವರಿಗೆ, ಗುಡಿ ಕೈಗಾರಿಕೆಯವರಿಗೆ ಪರವಾನಗಿ ಬೇಕಿಲ್ಲ, ನೋಂದಣಿ ಸಾಕು. ಆದರೆ ಆ ನೋಂದಣಿ ಕಡ್ಡಾಯ. ಮನೆಯಲ್ಲಿ ಮಾಡುತ್ತೇವೆ, ಅಂಗಡಿ ಇಟ್ಟಿಲ್ಲ, ವಾಟ್ಸ್ಆ್ಯಪ್‌ನಲ್ಲಿ ಮಾತ್ರ ಮಾರುತ್ತೇವೆ ಎನ್ನುವವರಿಗೂ ವಿನಾಯಿತಿ ಇಲ್ಲ.

ಸಣ್ಣವರು ಅಂದರೆ ಎಷ್ಟು ಸಣ್ಣವರು? 2024ರಲ್ಲಿ ಇದ್ದ ಮಿತಿ, ವರ್ಷದ ವಹಿವಾಟು ₹12 ಲಕ್ಷದೊಳಗೆ. ಶ್ಯಾವಿಗೆ, ಮಸಾಲೆಯಂಥ ಪದಾರ್ಥವಾದರೆ ತಯಾರಿಕೆಯ ಸಾಮರ್ಥ್ಯ ದಿನಕ್ಕೆ 100 ಕಿಲೋ ದಾಟಬಾರದು ಎಂಬ ಮಾತೂ ಇತ್ತು. ₹12 ಲಕ್ಷವನ್ನು 365ರಿಂದ ಭಾಗಿಸಿ ನೋಡಿ, ಒಂದು ದಿನವೂ ಬಿಡದೆ ₹3,287ರ ಮಾರಾಟ. ನಾವು ನೋಡಿದ ಯಾವ ಮನೆಯೂ ಅದರ ಹತ್ತಿರ ಸುಳಿದಿಲ್ಲ. ವಹಿವಾಟು ಬೇರೆ, ಆದಾಯ ಬೇರೆ ಎಂಬುದನ್ನೂ ನೆನಪಿಡಿ. ಮಾರಿದ ಒಟ್ಟು ಮೊತ್ತ ವಹಿವಾಟು. ಖರ್ಚು ಕಳೆದು ಉಳಿದದ್ದು ಆದಾಯ. ಆ ತಾಯಿಯ ಲೆಕ್ಕದಲ್ಲಿ ₹5,600 ಮೊದಲನೆಯದು, ₹1,800 ಎರಡನೆಯದು. ನೋಂದಣಿ ಅರ್ಜಿ ಕೇಳುವುದು ಮೊದಲನೆಯದನ್ನು. ನಮ್ಮ ವಿದ್ಯಾರ್ಥಿವೇತನ ನೋಡುವುದು ಎರಡನೆಯದನ್ನು.

ಶುಲ್ಕ ವರ್ಷಕ್ಕೆ ನೂರು ರೂಪಾಯಿ. ‘ಎ’ ನಮೂನೆಯ ಅರ್ಜಿ, ಒಂದು ಭಾವಚಿತ್ರ, ಗುರುತಿನ ಚೀಟಿ, ತಯಾರಿಸುವ ಜಾಗದ ವಿಳಾಸದ ಪುರಾವೆ. 2020ರ ನವೆಂಬರ್‌ನಿಂದ ‘ಫಾಸ್ಕಾಸ್’ ಎಂಬ ಸರ್ಕಾರಿ ಜಾಲತಾಣದಲ್ಲೇ ಎಲ್ಲ. ಅರ್ಜಿ ಕೊಟ್ಟ 7 ದಿನದೊಳಗೆ ಅಧಿಕಾರಿಗಳು ನೋಂದಣಿ ಕೊಡಬೇಕು, ಇಲ್ಲವೇ ಕಾರಣ ಬರೆದು ತಿರಸ್ಕರಿಸಬೇಕು, ಇಲ್ಲವೇ ತಪಾಸಣೆಗೆ ಬರುತ್ತೇವೆಂದು ತಿಳಿಸಬೇಕು. ತಪಾಸಣೆ ಎಂದಾದರೆ 30 ದಿನದೊಳಗೆ ತೀರ್ಮಾನ. ಇದ್ಯಾವುದೂ ಆಗದೆ ದಿನ ಕಳೆದರೆ ಸಣ್ಣ ತಯಾರಕರು ಕೆಲಸ ಶುರುಮಾಡಬಹುದು, ಮುಂದೆ ಅಧಿಕಾರಿಗಳು ಹೇಳುವ ಸುಧಾರಣೆ ಮಾಡಿಕೊಳ್ಳಬೇಕು ಎಂದು ನಿಯಮದಲ್ಲೇ ಬರೆದಿದೆ. ಇದನ್ನು ಓದಿದಾಗ ನಮಗೆ ನಿಜಕ್ಕೂ ಆಶ್ಚರ್ಯವಾಯಿತು. ಅಧಿಕಾರಿ ಬಂದು ಅಡುಗೆಮನೆಗೆ ಬೀಗ ಹಾಕುತ್ತಾರೆ ಎಂದು ಬೀದಿಯೆಲ್ಲ ಹೆದರಿ ಕೂತಿತ್ತು.

ತಪಾಸಣೆಗೆ ಬಂದರೂ ಅವರು ನೋಡುವುದು ಏನನ್ನು? ಕುಡಿಯಲು ಯೋಗ್ಯವಾದ ನೀರು ಬಳಸುತ್ತೀರಾ, ಪಾತ್ರೆ ಮತ್ತು ಜಾಗ ಚೊಕ್ಕಟವಾಗಿದೆಯಾ, ನೊಣ, ಹಲ್ಲಿ, ಇಲಿ ಬಾರದಂತೆ ಮುಚ್ಚಿಟ್ಟಿದ್ದೀರಾ, ಜ್ವರ, ವಾಂತಿ, ಕೈ ಹುಣ್ಣು ಇರುವವರು ಹಿಟ್ಟು ಮುಟ್ಟುತ್ತಾರಾ. ಮಲೆನಾಡಿನ ಮಳೆಗಾಲದಲ್ಲಿ ಶ್ಯಾವಿಗೆಗೆ ಬೂಸ್ಟು ಹಿಡಿಯುವುದನ್ನು ನೋಡಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ.

ಇಷ್ಟೆಲ್ಲ ತಿಳಿದ ಮೇಲೂ ನಾವು ತಪ್ಪು ಮಾಡಿದೆವು, ಅದನ್ನೂ ಹೇಳಿಬಿಡುತ್ತೇವೆ. ಆ ತಾಯಿಯನ್ನು ಟ್ರಸ್ಟಿನ ಕಚೇರಿಗೆ ಕರೆಸಿ ಗಣಕಯಂತ್ರದ ಮುಂದೆ ಕೂತು, ‘ತಯಾರಿಕೆ’ ಎಂದು ಕಂಡಲ್ಲಿ ಗುರುತು ಹಾಕಿದೆವು. ಅದು ನೋಂದಣಿಯ ಬಾಗಿಲಲ್ಲ, ರಾಜ್ಯ ಪರವಾನಗಿಯ ಬಾಗಿಲು. ಶುಲ್ಕ ₹3,000 ಎಂದಿತು, ಕಟ್ಟಿದೆವು. ತಯಾರಿಕಾ ಘಟಕದ ನಕ್ಷೆ ಕೇಳಿತು. ಹತ್ತು ಅಡಿ ಅಡುಗೆಮನೆಯನ್ನು ಗ್ರಾಫ್ ಹಾಳೆಯಲ್ಲಿ ಸ್ಕೇಲ್ ಹಿಡಿದು ಬರೆದೆವು. ಯಂತ್ರಗಳ ಪಟ್ಟಿ ಕೇಳಿತು, ‘ಮಿಕ್ಸಿ ಒಂದು, ಶ್ಯಾವಿಗೆ ಒರಳು ಒಂದು’ ಎಂದು ಬರೆದೆವು. ನೀರಿನ ಪರೀಕ್ಷಾ ವರದಿ ಕೇಳಿದಾಗ ಮಾತ್ರ ಸಂಶಯ ಬಂತು. ಆಹಾರ ಸುರಕ್ಷತಾ ಅಧಿಕಾರಿಗಳ ಕಚೇರಿಗೆ ಹೋದೆವು. ಅಲ್ಲಿದ್ದ ಹುಡುಗ ನೋಡಿ ನಕ್ಕು, “ಮೇಡಂ, ಇಷ್ಟೆಲ್ಲ ನಿಮಗೆ ಬೇಕಾಗೇ ಇರಲಿಲ್ಲ” ಎಂದು ಸರಿಯಾದ ಜಾಗ ತೋರಿಸಿಕೊಟ್ಟ. ಹೊಸ ಅರ್ಜಿ ಹಾಕಿದ ಆರನೇ ದಿನ ನೋಂದಣಿ ಪತ್ರ ಬಂತು. ಕಟ್ಟಿದ ₹3,000 ಹಿಂದಕ್ಕೆ ಬರಲಿಲ್ಲ. ಅದನ್ನು ನಾವಿಬ್ಬರೂ ಕೈಯಿಂದ ಭರಿಸಿದ್ದೇವೆ. ದಾನಿಗಳು ಖರ್ಚಿನ ಪಟ್ಟಿಯಲ್ಲಿ ಹುಡುಕಬೇಕಾಗಿಲ್ಲ.

ನಮ್ಮದು ಅಜ್ಞಾನದ ತಪ್ಪು. ಬೇಕೆಂದೇ ತಪ್ಪುದಾರಿಗೆ ಎಳೆಯುವವರೂ ಇದ್ದಾರೆ. ಇದೇ ನೋಂದಣಿಗೆ ಒಂದು ಸೈಬರ್ ಅಂಗಡಿಯಲ್ಲಿ ₹3,500 ತೆಗೆದುಕೊಂಡು, ಮಾಲೀಕರ ಹೆಸರಿನ ಜಾಗದಲ್ಲಿ ಮಗನ ಹೆಸರು ಹಾಕಿ, ಮೊಬೈಲ್ ನಂಬರಿನ ಜಾಗದಲ್ಲಿ ತಮ್ಮದೇ ನಂಬರ್ ಹಾಕಿ ಕಳಿಸಿದ್ದರು. ಮಗ ಈಗ ಗಲ್ಫಿಗೆ ಹೋಗಿದ್ದಾನೆ. ಪಾಸ್‌ವರ್ಡ್ ಅಂಗಡಿಯವರ ಹತ್ತಿರ. ನವೀಕರಣಕ್ಕೆ ಮತ್ತೆ ಅವರಲ್ಲಿಗೇ ಹೋಗಬೇಕು. ಸರ್ಕಾರದ್ದೇ ಎನ್ನುವಂತೆ ಕಾಣುವ ಖಾಸಗಿ ಜಾಲತಾಣಗಳೂ ಬೇಕಾದಷ್ಟಿವೆ. ವಿಳಾಸದ ಕೊನೆಗೆ ‘ಡಾಟ್ ಗವ್ ಡಾಟ್ ಇನ್’ ಇದೆಯೇ ಎಂದು ಮಕ್ಕಳಿಂದ ಓದಿಸಿ. ದುಡಿಯುವವರು ಯಾರೋ ನೋಂದಣಿ ಅವರ ಹೆಸರಿನಲ್ಲಿರಲಿ, ನಂಬರ್ ಅವರದ್ದೇ ಇರಲಿ.

ನೋಂದಣಿ ಸಿಕ್ಕರೆ 14 ಅಂಕಿಯ ಸಂಖ್ಯೆ ಬರುತ್ತದೆ. ಮೊದಲ ಅಂಕಿ 2 ಇದ್ದರೆ ನೋಂದಣಿ, 1 ಇದ್ದರೆ ಪರವಾನಗಿ. ಅಂಗಡಿಯವರು ಕೇಳಿದ ‘ನಂಬರ್’ ಇದೇ. ಅವರನ್ನು ಬೈದು ಪ್ರಯೋಜನವಿಲ್ಲ. ಪರವಾನಗಿ ಪಡೆದ ತಯಾರಕರು, ವಿತರಕರು ನೋಂದಣಿಯೋ ಪರವಾನಗಿಯೋ ಇದ್ದವರಿಂದಲೇ ಸರಕು ಕೊಳ್ಳಬೇಕು ಎಂಬ ಷರತ್ತು ಅವರ ಕೊರಳಿಗೂ ಇದೆ. ನಂಬರ್ ಇಲ್ಲದ ಪ್ಯಾಕೆಟ್ ಇಟ್ಟುಕೊಳ್ಳಲು ಅಂಗಡಿಯವರು ಹೆದರುವುದು ಸಹಜ.

ಇನ್ನು ಪ್ಯಾಕೆಟ್ಟಿನ ಮಾತು. ನಮ್ಮ ಅನುಭವದಲ್ಲಿ ನೋಂದಣಿ ಸುಲಭದ ಭಾಗ, ನಿಜವಾದ ಕೆಲಸ ಇರುವುದು ಚೀಟಿಯಲ್ಲಿ. ತಪ್ಪು ಚೀಟಿಗೆ ಕಾಯ್ದೆಯ 52ನೇ ಕಲಂ ಪ್ರಕಾರ ₹3 ಲಕ್ಷದವರೆಗೆ ದಂಡ ಹಾಕಲು ಅವಕಾಶವಿದೆ, ಸಣ್ಣವರಿಗೆಂದು ಅಲ್ಲಿ ಬೇರೆ ಮಿತಿ ಬರೆದಿಲ್ಲ. ಆ ತಾಯಿಯ ಪ್ಯಾಕೆಟ್ ಮೇಲೆ ಇದ್ದದ್ದು ಎರಡೇ ಮಾತು: ‘ಮನೆಯಲ್ಲಿ ತಯಾರಿಸಿದ್ದು’, ‘ಹಲಾಲ್’. ಮೊದಲನೆಯದು ಹೆಮ್ಮೆ, ಎರಡನೆಯದು ನಂಬಿಕೆ. ಎರಡೂ ಸರಿಯೇ, ಆದರೆ ನೋಂದಣಿ ಸಂಖ್ಯೆಯ ಬದಲಿಗೆ ನಿಲ್ಲುವುದಿಲ್ಲ.

ಮಗಳನ್ನು ಕೂರಿಸಿಕೊಂಡು ಹೊಸ ಚೀಟಿ ಬರೆದೆವು. ಪದಾರ್ಥದ ಹೆಸರು. ಅದರಲ್ಲಿ ಏನೇನಿದೆ ಎಂಬುದು, ತೂಕದಲ್ಲಿ ಹೆಚ್ಚಿನದು ಮೊದಲು ಬರುವ ಕ್ರಮದಲ್ಲಿ. ಮಸಾಲೆಗೆ ಈ ಕ್ರಮ ಬರೆಯುವಾಗ ತಾಯಿ ಬಹಳ ಹಿಂಜರಿದರು, ಪಕ್ಕದ ಮನೆಯವರು ನೋಡಿ ಅದೇ ಮಸಾಲೆ ಮಾಡಿಬಿಟ್ಟರೆ ಎಂದು. ಎಷ್ಟೆಷ್ಟು ಎಂದು ಬರೆಯುವುದಿಲ್ಲ, ಕ್ರಮ ಮಾತ್ರ ಎಂದ ಮೇಲೆ ಒಪ್ಪಿದರು. ಸಸ್ಯಾಹಾರಕ್ಕೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ. ಸಿಗಡಿ ಚಟ್ನಿಪುಡಿ ಮಾಡುವವರಿಗೆ ಕಂದು ಚೌಕದೊಳಗೆ ಕಂದು ತ್ರಿಕೋನ. ಕೆಲವರ ಮೈಗೆ ಆಗಿಬರದ ಪದಾರ್ಥಗಳನ್ನು ಬೇರೆಯಾಗಿ ಹೇಳಬೇಕು. ಶ್ಯಾವಿಗೆಗೆ ‘ಗೋಧಿ ಇದೆ’, ಚಟ್ನಿಪುಡಿಗೆ ‘ಸಿಗಡಿ ಇದೆ’, ಕಡಲೆಕಾಯಿ, ಹಾಲು, ಮೊಟ್ಟೆ, ಸೋಯಾ ಇದ್ದರೆ ಅದೂ. ತಯಾರಿಸಿದ ದಿನಾಂಕ, ಬಳಕೆಯ ಕೊನೆಯ ದಿನಾಂಕ, ಬ್ಯಾಚ್ ಸಂಖ್ಯೆ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಗ್ರಾಮಿನ ಲೆಕ್ಕದ ಬೆಲೆಯೂ ಬೇಕು: 200 ಗ್ರಾಂ ಮಸಾಲೆಗೆ ₹90 ಆದರೆ ಗ್ರಾಮಿಗೆ 45 ಪೈಸೆ. ಆಮೇಲೆ ಎಫ್‌ಎಸ್‌ಎಸ್‌ಎಐ ಗುರುತು ಮತ್ತು 14 ಅಂಕಿ.

ಕನ್ನಡ ಕಲಿಸಿದ ನಮಗೆ ಒಂದು ನಿಯಮ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಈ ವಿವರಗಳು ಇಂಗ್ಲಿಷ್‌ನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಲೇಬೇಕು. ಕನ್ನಡ ಒಂದೇ ಇದ್ದರೆ ಸಾಲದು. ನಮ್ಮೂರಲ್ಲೇ ಮಾಡಿ ನಮ್ಮೂರಲ್ಲೇ ಮಾರುವ ಉಪ್ಪಿನಕಾಯಿಗೂ ಹೀಗೆಯೇ. ನಿಯಮ ಇರುವ ತನಕ ಇಂಗ್ಲಿಷ್ ಹಾಕಿ, ಪಕ್ಕದಲ್ಲಿ ಕನ್ನಡವನ್ನೂ ತಪ್ಪದೆ ಹಾಕಿ. ಓದುವವರು ನಮ್ಮ ಜನ.

ಹೆಚ್ಚು ಜಗಳವಾದದ್ದು ವಿಳಾಸದ ವಿಷಯಕ್ಕೆ. ತಯಾರಿಸಿದವರ ಹೆಸರು, ಪೂರ್ತಿ ವಿಳಾಸ, ಗ್ರಾಹಕರು ದೂರು ಹೇಳಲು ಒಂದು ನಂಬರ್ ಪ್ಯಾಕೆಟ್ ಮೇಲೆ ಇರಬೇಕು. “ನಮ್ಮ ಮನೆ ಹೆಂಗಸಿನ ನಂಬರ್ ಊರೆಲ್ಲ ತಿರುಗಬೇಕಾ ಮೇಡಂ?” ಎಂದು ಒಬ್ಬ ಯಜಮಾನರು ನೇರವಾಗಿ ಕೇಳಿದರು. ಅವರ ಆತಂಕವನ್ನು ನಾವು ತಳ್ಳಿಹಾಕುವುದಿಲ್ಲ. ರಾತ್ರಿ ಹೊತ್ತು ಬೇಡದ ಕರೆಗಳು ಬಂದ ಮನೆಯನ್ನೂ ನೋಡಿದ್ದೇವೆ. ಕೆಲವರು ವ್ಯಾಪಾರಕ್ಕೆಂದೇ ಬೇರೆ ಸಿಮ್ ತೆಗೆದುಕೊಂಡು ಸಂಜೆ ಆರಕ್ಕೆ ಆಫ್ ಮಾಡುತ್ತಾರೆ. ಇನ್ನೊಂದು ಬೀದಿಯಲ್ಲಿ ನಾಲ್ವರು ಸೇರಿ ಒಬ್ಬರ ಮನೆಯ ಮುಂಗೋಣೆಯನ್ನು ತಯಾರಿಕೆಯ ಜಾಗ ಮಾಡಿ, ಗುಂಪಿನ ಹೆಸರಿನಲ್ಲಿ ನೋಂದಣಿ ಮಾಡಿಸಿದ್ದಾರೆ. ಆ ಒಂದು ವಿಳಾಸ, ಆ ಒಂದು ನಂಬರ್ ಸಾಕಾಯಿತು. ನಮಗೆ ಇದು ಹೆಚ್ಚು ಹಿಡಿಸಿತು. ಒಬ್ಬರಿಗೆ ಜ್ವರ ಬಂದರೆ ಕೆಲಸ ನಿಲ್ಲುವುದಿಲ್ಲ.

ತೂಕದ ಇಲಾಖೆ ಬೇರೆ, ಕಾನೂನು ಮಾಪನಶಾಸ್ತ್ರ ಇಲಾಖೆ. ಪ್ಯಾಕ್ ಮಾಡಿ ಮಾರುವವರು ಕೆಲಸ ಶುರುಮಾಡಿದ 90 ದಿನದೊಳಗೆ ಅಲ್ಲೂ ಹೆಸರು ನೋಂದಾಯಿಸಬೇಕು, ಶುಲ್ಕ ₹500. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇವೆ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು. ಅಳತೆ ತೂಕದಲ್ಲಿ ಕಡಿಮೆ ಕೊಡುವವರ ಬಗ್ಗೆ ಕುರ್‌ಆನ್‌ನಲ್ಲಿ ಒಂದು ಸೂರಾವೇ ಇದೆ, ಅಲ್ ಮುತಫ್ಫಿಫೀನ್. ಹಾಗಾಗಿ ಈ ಸಭೆಯಲ್ಲಿ ತೂಕದ ಬಗ್ಗೆ ನಾವು ಉದ್ದ ಮಾತಾಡಬೇಕಿಲ್ಲ. ಒಣಗುವಾಗ ಶ್ಯಾವಿಗೆಯ ತೂಕ ಇಳಿಯುತ್ತದೆ, ಪೂರ್ತಿ ಒಣಗಿದ ಮೇಲೆಯೇ ತೂಗಿ.

ಬಣ್ಣದ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಕಬಾಬ್ ಮಸಾಲೆಗೆ ಕೆಂಪು ಪುಡಿ ಬೆರೆಸುವುದನ್ನು ಎರಡು ಮನೆಗಳಲ್ಲಿ ನೋಡಿದೆವು. ‘ಎಲ್ಲರೂ ಹಾಕ್ತಾರೆ’ ಎಂಬುದೇ ಉತ್ತರ. ಮೆಣಸಿನ ಪುಡಿಗೆ ಹೊರಗಿನ ಬಣ್ಣ ಬೆರೆಸುವಂತಿಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯಲ್ಲಿ ರೋಡಮೈನ್ ಬಿ ಮುಂತಾದ ಬಣ್ಣಗಳನ್ನು ನಿಷೇಧಿಸಿತು, ಜೂನ್‌ನಲ್ಲಿ ಕಬಾಬ್‌ಗೂ ಕೃತಕ ಬಣ್ಣ ಬೇಡ ಎಂದಿತು. ಬ್ಯಾಡಗಿ ಮೆಣಸಿನಕಾಯಿ ಇರುವ ನಾಡಿನಲ್ಲಿ ಕೆಂಪಿಗೆ ಬರವೇ? ಬಣ್ಣ ಹಾಕಿದ ಮಸಾಲೆಗೆ ನೋಂದಣಿ ಮಾಡಿಸಿಕೊಡಿ ಎಂದರೆ ನಾವು ಮಾಡಿಸಿಕೊಡುವುದಿಲ್ಲ.

ವ್ಯಾಪಾರ ದೊಡ್ಡದು ಮಾಡಬೇಕೆನ್ನುವವರಿಗೆ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆ 2024ರಲ್ಲಿ ಇತ್ತು. ಯಂತ್ರ, ಕಟ್ಟಡದ ವೆಚ್ಚದಲ್ಲಿ ಶೇ. 35, ಗರಿಷ್ಠ ₹10 ಲಕ್ಷದವರೆಗೆ ಕೇಂದ್ರದ ಯೋಜನೆಯ ಸಹಾಯಧನ. ಅದರ ಮೇಲೆ ನಮ್ಮ ರಾಜ್ಯ ಶೇ. 15 ಸೇರಿಸುತ್ತಿತ್ತು. ಇದು ಬ್ಯಾಂಕ್ ಸಾಲದ ಜೊತೆಗೆ ಬರುವ ಸಹಾಯಧನ. ಬಡ್ಡಿಯ ವಿಚಾರ ಆಯಾ ಮನೆಯ ತೀರ್ಮಾನ, ಅದರಲ್ಲಿ ನಾವು ತಲೆ ಹಾಕುವುದಿಲ್ಲ. ಮಾಹಿತಿ ಕೇಳಿದವರಿಗೆ ಕೊಡುತ್ತೇವೆ.

ಆ ತಾಯಿಯ ಕಥೆ ಏನಾಯಿತು ಎಂದು ಕೇಳುತ್ತೀರಿ. ನೋಂದಣಿ ಪತ್ರ ಕೈಗೆ ಬರುವಾಗ ಈದ್ ಮುಗಿದಿತ್ತು. ವಾಪಸು ಬಂದ ಎಂಬತ್ತರಲ್ಲಿ ಒಂದಷ್ಟನ್ನು ನೆಂಟರು, ನೆರೆಹೊರೆಯವರು ಕೊಂಡರು, ಉಳಿದದ್ದು ಮನೆಯಲ್ಲೇ ಖರ್ಚಾಯಿತು. ಆ ₹1,800 ಬರಲಿಲ್ಲ. ಎರಡನೇ ಕಂತನ್ನು ನಿಮ್ಮ ದೇಣಿಗೆಯಿಂದ ಕಟ್ಟಿದ್ದೇವೆ. ಬಕ್ರೀದ್‌ಗೆ ಮೊದಲು ಅದೇ ಅಂಗಡಿಯವರು ಮೂವತ್ತು ಪ್ಯಾಕೆಟ್ ಮಸಾಲೆ ತೆಗೆದುಕೊಂಡರು, ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿದರಂತೆ. ಮಗಳು ಈಗ ಆ ಬೀದಿಯ ಇತರ ಮನೆಗಳಿಗೂ ಚೀಟಿ ಬರೆದುಕೊಡುತ್ತಾಳೆ. ಒಂದು ಮನೆಗೆ ಹತ್ತು ರೂಪಾಯಿ ತೆಗೆದುಕೊಳ್ಳುತ್ತಾಳೆ. ಅದನ್ನೂ ಆದಾಯದಲ್ಲಿ ಬರೆಯಬೇಕಾ ಮಿಸ್ ಎಂದು ಕೇಳಿದಳು.

ಸಮಿತಿ ಮಾಡಿದ ತೀರ್ಮಾನ ಇದು, ಈ ವರ್ಷದ ಪ್ರಕಟಣೆಯಲ್ಲೂ ಅಚ್ಚಾಗಿದೆ. ಒಂಬತ್ತನೇ ಕಲಮಿನ ಕೆಳಗೆ ಒಂದು ಸಾಲು ಸೇರಿಸಿದ್ದೇವೆ: ತಾಯಿ ಮನೆಯಿಂದ ಏನಾದರೂ ತಯಾರಿಸಿ ಮಾರುತ್ತಿದ್ದರೆ ಬರೆಯಿರಿ, ಆ ಕಾರಣಕ್ಕೆ ಯಾವ ಅರ್ಜಿಯನ್ನೂ ತಿರಸ್ಕರಿಸುವುದಿಲ್ಲ. ಹಳೆಯ ಅರ್ಜಿಯಲ್ಲಿ ಬರೆಯದೆ ಬಿಟ್ಟವರನ್ನು ಏನೂ ಕೇಳುವುದಿಲ್ಲ. ಈ ಸಭೆ ಮುಗಿದ ಮೇಲೆ ಹೊರಗಿನ ಪಡಸಾಲೆಯಲ್ಲಿ ಒಂದು ಮೇಜು ಹಾಕಿರುತ್ತೇವೆ. ಆಧಾರ್ ಕಾರ್ಡ್, ಒಂದು ಫೋಟೋ, ನಿಮ್ಮದೇ ಮೊಬೈಲ್ ತನ್ನಿ, ಬಾಡಿಗೆ ಮನೆಯಾದರೆ ಕರಾರು ಪತ್ರವನ್ನೂ ತನ್ನಿ. ನೂರು ರೂಪಾಯಿ ತನ್ನಿ, ಅದಕ್ಕಿಂತ ಹೆಚ್ಚು ಯಾರು ಕೇಳಿದರೂ ಕೊಡಬೇಡಿ. ಮಸಾಲೆ ಮಾಡುವವರು ಒಂದು ಪ್ಯಾಕೆಟ್ ಜೊತೆಗೆ ತಂದರೆ ಚೀಟಿಯನ್ನು ಅಲ್ಲೇ ಕುಳಿತು ಬರೆಯೋಣ. ಈ ಸಲ ಸರಿಯಾದ ಬಾಗಿಲಿಗೇ ಗುರುತು ಹಾಕುತ್ತೇವೆ.